ಚಕ್ಕುಬಂದಿ

ಪೋರ್ಚುಗೀಸು ನನಗೆ ಬರುವುದು ಕಾಗದದ ಮಟ್ಟಿಗೆ.
ಕ್ರಯ, ಅಡವು, ದಾನ, ವಾರಸು, ಎಡಗೈ ಹೆಬ್ಬೆರಳು
ಇಷ್ಟು ಗೊತ್ತು. ಹಸಿವಾಗಿದೆ ಅನ್ನಲು ಬಾರದು.
ಆ ಭಾಷೆಯಲ್ಲಿ ಯಾರನ್ನೂ ಊಟಕ್ಕೆ ಕರೆದಿಲ್ಲ,
ಯಾರ ಜೊತೆಗೂ ಜಗಳವಾಡಿಲ್ಲ.
ಮಡಗಾಂವ್ ಗೂಡ್ಸ್ ಶೆಡ್ಡಿನಲ್ಲಿ ಅಪ್ಪ ಹಮಾಲಿ ಮಾಡುವಾಗ
ನಾನೊಬ್ಬ ಮುದಿ ನೋಟರಿಯ ಕಡತಗಳ ಧೂಳು ಹೊಡೆಯುತ್ತಿದ್ದೆ;
ಮೂರು ವರ್ಷಕ್ಕೆ ಧೂಳಿನಡಿ ಅಕ್ಷರ ಕಂಡವು.

ಪೆರ್ಪೆತಿನ್ ಬಾಯಿ ಬಂದದ್ದು ಮಾರ್ಕೆಟ್ಟು ಮುಗಿಸಿ,
ಒಣ ಸೀಗಡಿಯ ವಾಸನೆ ಮುಂದೆ, ಅವಳು ಹಿಂದೆ.
ಊರು ಕುಡ್ತರಿ. ಬೇಕಾದದ್ದು ಒಂದು ನಳ.
ನಳಕ್ಕೆ ಅರ್ಜಿ, ಅರ್ಜಿಗೆ ಮನೆಯ ಕಾಗದ,
ಕಾಗದಕ್ಕೆ ನಾನು.
"ನಾಲ್ಕು ತಲೆಮಾರು ಅಲ್ಲೇ ಹುಟ್ಟಿದೆವು" ಅಂದಳು.
ಹುಟ್ಟಿದ್ದಕ್ಕೆ ಇಗರ್ಜಿಯಲ್ಲಿ ಪುಸ್ತಕವಿದೆ.
ಬಿದ್ದ ನೆಲಕ್ಕಿಲ್ಲ.

ಹನ್ನೊಂದು ದಿನ ಹುಡುಕಿದೆ. ಅವಳ ಮುತ್ತಜ್ಜಿ ಕಿತೇರಿಯಾ
ಏನನ್ನೂ ಕೊಂಡಿಲ್ಲ, ಮಾರಿಲ್ಲ, ಅಡವಿಟ್ಟಿಲ್ಲ.
ಅಡವಿಡಲಿಕ್ಕಾದರೂ ಏನಾದರೂ ಬೇಕಲ್ಲ.
ಹನ್ನೆರಡನೆಯ ದಿನ ಅವಳನ್ನು ಬಿಟ್ಟು
ಅವಳ ನೆರೆಹೊರೆಯನ್ನು ಹುಡುಕತೊಡಗಿದೆ.

ಸಾವಿರದ ಒಂಬೈನೂರ ಹದಿಮೂರು: ಒಂದು ತೆಂಗಿನ ತೋಟ ಕೈ ಬದಲಾಯಿಸಿದೆ.
ಪಶ್ಚಿಮಕ್ಕೆ, ವಿಧವೆ ಕಿತೇರಿಯಾಳ ಮನೆ.
ಹತ್ತೊಂಬತ್ತು: ಜ್ವರದಲ್ಲಿ ಸತ್ತವನ ಗದ್ದೆ, ತಮ್ಮಂದಿರ ಪಾಲುಪಟ್ಟಿ.
ಪೂರ್ವಕ್ಕೆ, ನಡುವೆ ಮಳೆನೀರಿನ ತೋಡು ಬಿಟ್ಟು,
ವಿಧವೆ ಕಿತೇರಿಯಾಳ ಮನೆ.
ಇಪ್ಪತ್ತೆರಡು: ಮಗಳಿಗೆ ಬಳುವಳಿ, ಹುಣಿಸೆಮರ ಸಮೇತ.
ದಕ್ಷಿಣಕ್ಕೆ ಅವಳೇ.
ನಾಲ್ಕನೆಯದನ್ನು ಗೆದ್ದಲು ಓದಿ ಮುಗಿಸಿತ್ತು;
"ಉತ್ತರಕ್ಕೆ ವಿಧವೆ ಕಿತೇ" ಅಷ್ಟನ್ನು
ಯಾಕೋ ನನಗೆಂದು ಬಿಟ್ಟಿತ್ತು.

ತನ್ನದೆಂದು ಒಂದು ಸಾಲಿಲ್ಲದವಳು
ನಾಲ್ವರ ಕ್ರಯಪತ್ರದಲ್ಲಿ ಬೇಲಿ ಹಿಡಿದು ನಿಂತಿದ್ದಳು.

ಬಿಳಿ ಹಾಳೆಯ ಮೇಲೆ ಪೆನ್ಸಿಲಿನಲ್ಲಿ
ಸುತ್ತಲವರ ನೆಲವನ್ನೆಲ್ಲ ಬರೆದು ಮುಗಿಸಿದಾಗ
ನಡುವೆ ಬರೆಯದೆ ಉಳಿದದ್ದಕ್ಕೆ ನಾಲ್ಕು ಮೂಲೆ ಬಂದವು.
ಒಂದು ಒಲೆ, ಒಂದು ಕೋಳಿಗೂಡು,
ಒಬ್ಬಳು ಕಾಲು ಚಾಚಿ ಮಲಗುವಷ್ಟು.
(ನಮ್ಮ ಖೋಲಿಗೆ ಪೂರ್ವಕ್ಕೂ ರೈಲು, ಪಶ್ಚಿಮಕ್ಕೂ ರೈಲು.
ಅದನ್ನು ಯಾರ ಪತ್ರದಲ್ಲೂ ಬರೆದಿರಲಾರರು.)

ಓದಿ ಹೇಳಿದೆ. ಪೆರ್ಪೆತಿನ್ ಮೂರು ಸಲ ಓದಿಸಿದಳು.
"ವಿಧವೆಯೇ? ಹದಿಮೂರರಲ್ಲಿ?
ಮುತ್ತಜ್ಜ ಸತ್ತದ್ದು ಮೂವತ್ತೊಂದರಲ್ಲಿ, ನಮ್ಮ ಬಲ್ಕಾಂವಿನ ಮೇಲೆ,
ಫೆನಿ ಏರಿಸಿ, ಯಾರನ್ನೋ ಬೈಯುತ್ತ.
ಹಡಗಿನಲ್ಲಿ ಅಡುಗೆಯವ. ಎಂಟು ವರ್ಷ ಕಾಗದ ಹಾಕಲಿಲ್ಲ, ಅಷ್ಟೆ.
ಇಗರ್ಜಿಯ ಪುಸ್ತಕದಲ್ಲಿದೆ. ನಾಳೆಯೇ ತರುತ್ತೇನೆ."

ತರಬೇಡಿ, ಅಂದೆ.

ಯಾರನ್ನು ಕೇಳಿದನೋ ಆ ಗುಮಾಸ್ತ,
ಆ ಮನೆ ಯಾರದು, ಗಂಡ ಎಲ್ಲಿ, ಎಂದು.
ತೋಟದವರು ಕೈ ಅಲ್ಲಾಡಿಸಿರಬೇಕು.
ಮಸಿ ಆರುವ ಮೊದಲೇ ಸಮುದ್ರದಲ್ಲೆಲ್ಲೋ
ಈರುಳ್ಳಿ ಹೆಚ್ಚುತ್ತಿದ್ದವನು ತೀರಿಕೊಂಡ.
ಮರಳಿ ಬಂದ ಮೇಲೂ ಬದುಕಲಿಲ್ಲ:
ಇಪ್ಪತ್ತೆರಡರ ಪತ್ರ ಹಳೆಯದನ್ನು ನೋಡಿ ನಕಲು ಮಾಡಿತು.
ಅವನು ಬದುಕಿದ್ದಿದ್ದರೆ ಅವನ ಮನೆಯೆಂದೇ ಬರೆಯುತ್ತಿದ್ದರು,
ಆಮೇಲೆ ಅವನೂ ಅದನ್ನು ಯಾರಿಗೋ ಕುಡಿಸಿಬಿಡುತ್ತಿದ್ದ.

"ಆ ಸುಳ್ಳು ವಿಧವೆಯ ಮೇಲೆಯೇ ನಿಮ್ಮ ಗೋಡೆ ನಿಂತಿದೆ" ಅಂದೆ.
ಪೆರ್ಪೆತಿನ್ ಶಿಲುಬೆ ಗುರುತು ಹಾಕಿಕೊಂಡಳು.
ಸ್ವಲ್ಪ ಹೊತ್ತು ಫ್ಯಾನಿನ ಸದ್ದು.
ಆಮೇಲೆ ಹೊಟ್ಟೆ ಕುಲುಕುವಂತೆ ನಕ್ಕು,
"ಇರಲಿ ಬಿಡಿ, ಅವನಿಗೆ ನೀರು ಅಷ್ಟಾಗಿ ಸೇರುತ್ತಲೂ ಇರಲಿಲ್ಲ."

ಅನುವಾದ ಟೈಪು ಮಾಡಿ ಮುದ್ರೆ ಒತ್ತಿದೆ.
ಪುಟಕ್ಕೆ ಇನ್ನೂರರಂತೆ ನಾಲ್ಕು ಪುಟ.
ಗೆದ್ದಲು ತಿಂದದ್ದಕ್ಕೆ ಅರ್ಧ ಹಿಡಿದೆ.